ಕಲಬುರಗಿಯಲ್ಲಿ ಒಮೆಗಾ ಟೆಸ್ಟ್, ಸಿಆರ್‌ಪಿ ಟೆಸ್ಟ್: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಮೊದಲೇ ಹೇಳಿಬಿಡೋಣ. ದೇಹದಲ್ಲಿ ಸದ್ದಿಲ್ಲದೆ ಇರುವ ಉರಿಯೂತವನ್ನು ಅಳೆಯಲು ಕಲಬುರಗಿಯಲ್ಲಿ ಕೂತು ಮಾಡಿಸಬಹುದಾದ ಪರೀಕ್ಷೆಗಳಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಎಚ್‌ಎಸ್-ಸಿಆರ್‌ಪಿ ಎಂಬ ರಕ್ತಪರೀಕ್ಷೆ. ಮೀನಿನಲ್ಲಿ ಸಿಗುವ ಒಮೆಗಾ-3 ಎಂಬ ಕೊಬ್ಬು ರಕ್ತದಲ್ಲಿ ಎಷ್ಟಿದೆ ಎಂದು ಹೇಳುವ ಒಮೆಗಾ-3 ಇಂಡೆಕ್ಸ್ ಕೂಡ ಒಳ್ಳೆಯ ಪರೀಕ್ಷೆ, ಆದರೆ ಒಮ್ಮೆ ಮಾಡಿಸಿ ಫೈಲಿಗೆ ಸೇರಿಸಿ ಮರೆಯುವವರಿಗಲ್ಲ. ಊಟ ಬದಲಿಸಿ, ನಾಲ್ಕು ತಿಂಗಳ ನಂತರ ಮತ್ತೆ ಮಾಡಿಸುವವರಿಗೆ. ಇನ್ನು ಒಮೆಗಾ-6 (ಅಡುಗೆ ಎಣ್ಣೆಗಳಲ್ಲಿ ಹೆಚ್ಚಿರುವ ಕೊಬ್ಬು) ಮತ್ತು ಒಮೆಗಾ-3ರ ಅನುಪಾತ ಎಂದು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಅಚ್ಚು ಹಾಕಿ ಕೊಡುತ್ತಾರಲ್ಲ, ಅದೊಂದು ಅಂಕಿಗಾಗಿ ಯಾರೂ ದುಡ್ಡು ಕೊಡಬೇಕಿಲ್ಲ. ಅದನ್ನು ಮನೆಯ ಎಣ್ಣೆ ಡಬ್ಬಿ ನೋಡಿಯೇ ಹೇಳಬಹುದು.

ಊರಲ್ಲಿ ಇದಕ್ಕೆ ಮೂರು ದಾರಿಗಳಿವೆ. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಕಡೆ ಮತ್ತು ಆಸ್ಪತ್ರೆಗಳ ಆಸುಪಾಸಿನ ಸಣ್ಣ ಲ್ಯಾಬ್‌ಗಳಲ್ಲಿ ಸಾಮಾನ್ಯ ಸಿಆರ್‌ಪಿ, ಇಎಸ್‌ಆರ್ (ಕೆಂಪು ಕಣ ಎಷ್ಟು ಬೇಗ ಕೆಳಗಿಳಿಯುತ್ತದೆ ಎಂಬ ಅಳತೆ) ಅದೇ ದಿನ ಸಿಗುತ್ತವೆ. ಎರಡನೆಯದು ದೊಡ್ಡ ಕಂಪನಿಗಳ ಕಲೆಕ್ಷನ್ ಸೆಂಟರ್. ಅಲ್ಲಿ ಕೊಟ್ಟ ರಕ್ತ ಹೈದರಾಬಾದ್, ಬೆಂಗಳೂರು, ಮುಂಬೈ ಕಡೆಯ ಮುಖ್ಯ ಲ್ಯಾಬ್‌ಗೆ ಪ್ರಯಾಣ ಮಾಡುತ್ತದೆ. ಮೂರನೆಯದು ಮನೆಗೇ ತರಿಸಿಕೊಳ್ಳುವ ಕಿಟ್. ಬೆರಳು ಚುಚ್ಚಿ, ಕಾಗದದ ಕಾರ್ಡಿನ ಮೇಲೆ ರಕ್ತದ ಹನಿ ಬೀಳಿಸಿ, ಒಣಗಿಸಿ ಪೋಸ್ಟ್ ಮಾಡುವುದು. ಎಚ್‌ಎಸ್-ಸಿಆರ್‌ಪಿ ನೂರುಗಳ ಲೆಕ್ಕದಲ್ಲಿ ಮುಗಿದರೆ ಒಮೆಗಾ ಕಿಟ್ ಸಾವಿರಗಳ ಲೆಕ್ಕ. ಆ ವ್ಯತ್ಯಾಸಕ್ಕೆ ತಕ್ಕ ಲಾಭ ಬರಬೇಕಾದರೆ ಏನೇನು ಸರಿಯಾಗಿರಬೇಕು ಎಂಬುದೇ ಈ ವಿಮರ್ಶೆ.

ಸಿಆರ್‌ಪಿಯಿಂದ ಶುರು ಮಾಡೋಣ, ಯಾಕೆಂದರೆ ಹೆಚ್ಚು ಗೊಂದಲ ಇರುವುದು ಇಲ್ಲೇ. ಸಿ-ರಿಯಾಕ್ಟಿವ್ ಪ್ರೋಟೀನ್ ಅನ್ನು ತಯಾರಿಸುವುದು ಲಿವರ್. ದೇಹದಲ್ಲಿ ಎಲ್ಲಾದರೂ ಸೋಂಕು, ಗಾಯ, ಬಾವು ಎದ್ದಾಗ ಕೆಲವೇ ಗಂಟೆಗಳಲ್ಲಿ ಏರಲು ಶುರುವಾಗಿ ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ಕಳೆದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಇದನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಅಂದರೆ ಇದು ಹುಟ್ಟಿನಿಂದಲೇ ಸೋಂಕಿನ ಅಳತೆ. ಹೃದಯದ ಅಪಾಯ ತಿಳಿಯಲು ಬೇಕಾಗಿರುವುದು ಇದೇ ಪ್ರೋಟೀನಿನ ತೀರ ಸಣ್ಣ ಪ್ರಮಾಣದ ಏರಿಳಿತ, ಅದಕ್ಕೆ ಹೆಚ್ಚು ಸೂಕ್ಷ್ಮವಾದ ವಿಧಾನ ಬೇಕು. ಅದೇ ಎಚ್‌ಎಸ್, ಹೈ ಸೆನ್ಸಿಟಿವಿಟಿ.

ಸಣ್ಣ ಲ್ಯಾಬ್‌ನ ಸಿಆರ್‌ಪಿ ಹೇಗೆ ನಡೆಯುತ್ತದೆ ನೋಡಿ. ಕಪ್ಪು ಹಿನ್ನೆಲೆಯ ಸ್ಲೈಡಿನ ಮೇಲೆ ಒಂದು ಹನಿ ಸೀರಮ್, ಪಕ್ಕದಲ್ಲಿ ಒಂದು ಹನಿ ಹಾಲಿನಂಥ ಲ್ಯಾಟೆಕ್ಸ್ ದ್ರಾವಣ. ಎರಡನ್ನೂ ಕಡ್ಡಿಯಿಂದ ಕಲಸಿ, ಸ್ಲೈಡನ್ನು ಎರಡು ನಿಮಿಷ ಮೆಲ್ಲಗೆ ಓಲಾಡಿಸಿ, ಹಾಲು ಒಡೆದಂತೆ ಬಿಳಿ ಕಣ ಕಟ್ಟಿತೇ ಎಂದು ಬೆಳಕಿನಲ್ಲಿ ಕಣ್ಣಿಟ್ಟು ನೋಡುತ್ತಾರೆ. ಕಣ ಕಟ್ಟಿದರೆ ಪಾಸಿಟಿವ್, ನಯವಾಗಿಯೇ ಉಳಿದರೆ ನೆಗೆಟಿವ್. ಬಹುತೇಕ ಸ್ಲೈಡ್ ಕಿಟ್‌ಗಳಲ್ಲಿ ಲೀಟರಿಗೆ 6 ಮಿಲಿಗ್ರಾಂ ಆಸುಪಾಸು ಮುಟ್ಟಿದರೆ ಮಾತ್ರ ಕಣ ಕಾಣಿಸುತ್ತದೆ. ಹೃದಯದ ಲೆಕ್ಕಾಚಾರ ಪೂರ್ತಿ ನಡೆಯುವುದು ಅದರ ಕೆಳಗೆ: 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ನಡುವಿನದು, 3 ದಾಟಿದರೆ ಹೆಚ್ಚು. 0.5 ಇದ್ದವರಿಗೂ 4.5 ಇದ್ದವರಿಗೂ ಸ್ಲೈಡ್ ‘ನೆಗೆಟಿವ್’ ಎಂದೇ ಹೇಳುತ್ತದೆ. ಸ್ಲೈಡಿನದು ತಪ್ಪಲ್ಲ, ಜ್ವರಕ್ಕೆ ಮಾಡಿದ ಸಾಧನ, ಜ್ವರಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇದರ ಇನ್ನೊಂದು ಕೊರತೆಯೂ ಗೊತ್ತಿರಲಿ: ಸಿಆರ್‌ಪಿ ವಿಪರೀತ ಹೆಚ್ಚಿರುವ ರೋಗಿಯಲ್ಲಿ ಕಣ ಕಟ್ಟದೆಯೇ ನೆಗೆಟಿವ್ ಬರುವುದುಂಟು. ಸೀರಮನ್ನು ತೆಳು ಮಾಡಿ ಮತ್ತೆ ನೋಡಿದರೆ ಮಾತ್ರ ನಿಜ ಹೊರಬರುತ್ತದೆ. ತೀವ್ರ ಜ್ವರವಿದ್ದೂ ಸ್ಲೈಡ್ ನೆಗೆಟಿವ್ ಬಂದರೆ ಹಾಗೆ ಮಾಡಲು ಕೇಳಿ.

ಆದ್ದರಿಂದ ಕೌಂಟರಿನಲ್ಲಿ ಬರೀ ‘ಸಿಆರ್‌ಪಿ ಮಾಡ್ರಿ’ ಅನ್ನಬೇಡಿ. ‘ಎಚ್‌ಎಸ್-ಸಿಆರ್‌ಪಿ, ಮಷೀನಿನಲ್ಲಿ, ಅಂಕಿ ಸಮೇತ’ ಎಂದು ಬಿಡಿಸಿ ಹೇಳಿ, ಬಿಲ್ಲಿನಲ್ಲೂ ಹಾಗೇ ಬರೆದಿದೆಯೇ ನೋಡಿಕೊಳ್ಳಿ. ರಿಪೋರ್ಟಿನಲ್ಲಿ ವಿಧಾನದ ಜಾಗದಲ್ಲಿ ಇಮ್ಯುನೊ-ಟರ್ಬಿಡಿಮೆಟ್ರಿ ಅಥವಾ ನೆಫೆಲೊಮೆಟ್ರಿ ಎಂದಿರಬೇಕು. ‘6ಕ್ಕಿಂತ ಕಡಿಮೆ’ ಎಂದಷ್ಟೇ ಬಂದಿದ್ದರೆ ನಿಮಗೆ ಕೊಟ್ಟದ್ದು ಎಚ್‌ಎಸ್ ಅಲ್ಲ. ಇನ್ನೊಂದು, ಘಟಕ. ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ಎಂದೂ, ಕೆಲವು ಡೆಸಿಲೀಟರಿಗೆ ಇಷ್ಟು ಎಂದೂ ಬರೆಯುತ್ತವೆ. ಡೆಸಿಲೀಟರಿಗೆ 0.3 ಎಂದರೆ ಲೀಟರಿಗೆ 3. ಒಂದು ಸೊನ್ನೆಯ ಅಂತರದಲ್ಲಿ ಹೆಚ್ಚು ಅಪಾಯದ ಅಂಕಿ ಕಡಿಮೆ ಅಪಾಯದ್ದಾಗಿ ಕಾಣುತ್ತದೆ.

ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಬೇಕಾದದ್ದು ಖಾಲಿ ಕ್ಯಾಲೆಂಡರು. ನೆಗಡಿ, ಜ್ವರ, ಹಲ್ಲುನೋವು, ಬಾವು, ಗಾಯ, ಆಪರೇಷನ್, ಲಸಿಕೆ ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಎರಡು-ಮೂರು ವಾರ ಬಿಟ್ಟು ಹೋಗಿ. ಹಿಂದಿನ ದಿನ ಹೊಲದಲ್ಲೋ ಜಿಮ್ಮಿನಲ್ಲೋ ಮೈ ಮುರಿಯುವ ಕೆಲಸ ಬೇಡ. ಆರೋಗ್ಯವಾಗಿರುವವರಲ್ಲೂ ಇದು ವಾರದಿಂದ ವಾರಕ್ಕೆ ಏರಿಳಿಯುವುದರಿಂದ ಒಂದೇ ಅಂಕಿಯನ್ನು ನಂಬುವಂತಿಲ್ಲ. ಎರಡು ವಾರ ಅಂತರದಲ್ಲಿ ಎರಡು ಸಲ ಮಾಡಿಸಿ ಸರಾಸರಿ ತೆಗೆಯಬೇಕೆಂದು ಅಮೆರಿಕದ ಹೃದ್ರೋಗ ಸಂಘ ಮತ್ತು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರಲ್ಲೇ ಹೇಳಿವೆ. 10 ದಾಟಿ ಬಂದರೆ ಅದು ಹೃದಯದ ಮಾತಲ್ಲ, ದೇಹದಲ್ಲಿ ಬೇರೇನೋ ನಡೆಯುತ್ತಿದೆ. ಮೊದಲು ಅದನ್ನು ಹುಡುಕಿಸಿ. ಜ್ವರವಿಲ್ಲದೆ, ನೋವಿಲ್ಲದೆ 3-5ರಲ್ಲಿ ನಿಂತಿದ್ದರೆ ಹೊಟ್ಟೆಯ ಸುತ್ತಲಿನ ಕೊಬ್ಬು, ಬೀಡಿ-ಸಿಗರೇಟು, ಒಸಡಿನ ರೋಗ, ಈ ಮೂರನ್ನು ಮೊದಲು ನೋಡಬೇಕು. ಗುಟ್ಕಾ ಜಗಿದು ಒಸಡು ಹಾಳು ಮಾಡಿಕೊಂಡವರು ನಮ್ಮ ಕಡೆ ಕಡಿಮೆಯಿಲ್ಲ. ಅಂಥವರು ಮೀನೆಣ್ಣೆ ಗುಳಿಗೆಗಿಂತ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಗರ್ಭನಿರೋಧಕ ಗುಳಿಗೆ ನುಂಗುವ ಹೆಣ್ಣುಮಕ್ಕಳಲ್ಲಿ ಈ ಅಂಕಿ ಏರಿರುತ್ತದೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ನುಂಗುವವರಲ್ಲಿ ಇಳಿದಿರುತ್ತದೆ. ಎರಡನ್ನೂ ಡಾಕ್ಟರಿಗೆ ಹೇಳಿ. ಮತ್ತೆ, ಎದೆನೋವು ಇರುವವರು ಎಚ್‌ಎಸ್-ಸಿಆರ್‌ಪಿ ಮಾಡಿಸುತ್ತ ಕೂರಬಾರದು. ಅವರಿಗೆ ಬೇಕಾದದ್ದು ಇಸಿಜಿ, ಹೃದಯಾಘಾತ ಪತ್ತೆಮಾಡುವ ಟ್ರೊಪೊನಿನ್ ರಕ್ತಪರೀಕ್ಷೆ, ಅದೂ ತಡಮಾಡದೆ, ಆಸ್ಪತ್ರೆಯಲ್ಲಿ.

ಪ್ಯಾಕೇಜಿನಲ್ಲಿ ‘ಉರಿಯೂತ’ ಎಂದು ಇಎಸ್‌ಆರ್ ಒಂದನ್ನೇ ಸೇರಿಸಿದ್ದರೆ ಅದಕ್ಕೆ ಹೆಚ್ಚು ಬೆಲೆ ಕಟ್ಟಬೇಡಿ. ರಕ್ತಹೀನತೆ ಇದ್ದರೆ ಕೆಂಪು ಕಣಗಳು ಬೇಗ ಕೆಳಗಿಳಿಯುತ್ತವೆ, ಉರಿಯೂತವಿಲ್ಲದೆಯೂ ಇಎಸ್‌ಆರ್ ಏರುತ್ತದೆ. ಹಿಮೋಗ್ಲೋಬಿನ್ 8-9ರಲ್ಲಿರುವ ಹೆಣ್ಣುಮಗಳಿಗೆ ಇಎಸ್‌ಆರ್ 40 ಬಂತೆಂದು ಗಾಬರಿ ಹುಟ್ಟಿಸುವುದು ಅನ್ಯಾಯ.

ಈಗ ಫ್ಯಾಟಿ ಆಸಿಡ್ ಪರೀಕ್ಷೆ. ಇದು ಲಿಪಿಡ್ ಪ್ರೊಫೈಲ್ ಅಲ್ಲ. ಲಿಪಿಡ್ ಪ್ರೊಫೈಲ್ ಕೊಲೆಸ್ಟರಾಲ್ ಎಷ್ಟು, ಟ್ರೈಗ್ಲಿಸರೈಡ್ ಎಷ್ಟು ಎನ್ನುತ್ತದೆ. ಅದು ಯಾವ ಎಣ್ಣೆಯಿಂದ ಬಂದ ಕೊಬ್ಬು ಎಂದು ಹೇಳುವುದಿಲ್ಲ. ಫ್ಯಾಟಿ ಆಸಿಡ್ ಪರೀಕ್ಷೆಯಲ್ಲಿ ರಕ್ತದ ಕೊಬ್ಬನ್ನು ಮೀಥೈಲ್ ಎಸ್ಟರ್ ಮಾಡಿ, ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರಕ್ಕೆ ಬಿಟ್ಟು, ಒಂದೊಂದು ಕೊಬ್ಬಿನಾಮ್ಲ ಒಟ್ಟಿನಲ್ಲಿ ಶೇಕಡಾ ಎಷ್ಟಿದೆ ಎಂದು ತೆಗೆಯುತ್ತಾರೆ. ಅದರಲ್ಲಿ ಮುಖ್ಯವಾದ ಸಾಲು ಒಮೆಗಾ-3 ಇಂಡೆಕ್ಸ್: ಕೆಂಪು ರಕ್ತಕಣದ ಪೊರೆಯಲ್ಲಿ ಇಪಿಎ ಮತ್ತು ಡಿಎಚ್‌ಎ (ಮೀನೆಣ್ಣೆಯಲ್ಲಿರುವ ಎರಡು ಒಮೆಗಾ-3ಗಳು) ಎರಡೂ ಸೇರಿ ಶೇಕಡಾ ಎಷ್ಟು. 2004ರಲ್ಲಿ ಹ್ಯಾರಿಸ್ ಮತ್ತು ವಾನ್ ಶಾಕಿ ಎಂಬಿಬ್ಬರು ಮುಂದಿಟ್ಟ ಅಳತೆ ಇದು. 8 ಅಥವಾ ಮೇಲಿದ್ದರೆ ಒಳ್ಳೆಯದು, 4ರ ಕೆಳಗಿದ್ದರೆ ಕಡಿಮೆ ಎಂದು ಅವರು ಗೆರೆ ಎಳೆದರು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ನಿನ್ನೆ ತಿಂದ ಮೀನಾಗಲಿ, ಇವತ್ತು ನುಂಗಿದ ಗುಳಿಗೆಯಾಗಲಿ ಇದನ್ನು ಅಲುಗಾಡಿಸುವುದಿಲ್ಲ. ಮೂರು-ನಾಲ್ಕು ತಿಂಗಳ ಊಟದ ಸರಾಸರಿ ಇಲ್ಲಿ ಕೂತಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಎಚ್‌ಬಿಎ1ಸಿ ಇದ್ದಂತೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರ ಪೊರೆಯಲ್ಲಿ ದಾನಿಯ ಊಟವೂ ಬೆರೆತಿರುತ್ತದೆ, ನಾಲ್ಕು ತಿಂಗಳು ಕಾಯಬೇಕು.

ಕಲೆಕ್ಷನ್ ಸೆಂಟರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ‘ಅಳೆಯುವುದು ಕೆಂಪು ಕಣದಲ್ಲೋ ಪ್ಲಾಸ್ಮಾದಲ್ಲೋ?’ ಪ್ಲಾಸ್ಮಾ (ಕಣಗಳನ್ನು ತೆಗೆದು ಉಳಿದ ರಕ್ತದ ದ್ರವ) ಆದರೆ ಕೆಲವೇ ದಿನಗಳ ಊಟದ ಚಿತ್ರ, ಖಾಲಿ ಹೊಟ್ಟೆಯೂ ಬೇಕು, 4 ಮತ್ತು 8ರ ಗೆರೆಗಳು ಅದಕ್ಕೆ ಹೊಂದುವುದಿಲ್ಲ. ಎರಡನೆಯ ಪ್ರಶ್ನೆ ಸಾಗಣೆಯದು. ಇಪಿಎ, ಡಿಎಚ್‌ಎ ಎರಡೂ ಗಾಳಿ ತಾಗಿದರೆ ಬೇಗ ಕೆಡುವ ಕೊಬ್ಬು. ರಕ್ತದಲ್ಲಿರುವ ಕಬ್ಬಿಣವೇ ಆ ಕೆಡುವಿಕೆಯನ್ನು ಚುರುಕು ಮಾಡುತ್ತದೆ. ಬೇರ್ಪಡಿಸಿದ ಕೆಂಪು ಕಣವನ್ನು ಮೈನಸ್ 20 ಡಿಗ್ರಿಯ ಸಾಮಾನ್ಯ ಫ್ರೀಜರಿನಲ್ಲಿ ವಾರಗಟ್ಟಲೆ ಇಟ್ಟರೂ ಇವು ಕರಗುತ್ತ ಹೋಗುತ್ತವೆ. ದೀರ್ಘ ಕಾಲ ಇಡಲು ಮೈನಸ್ 80 ಬೇಕು. ಅಂಥದ್ದರಲ್ಲಿ ಏಪ್ರಿಲ್-ಮೇ ತಿಂಗಳ ಕಲಬುರಗಿಯ ಬಿಸಿಲು, 40 ಡಿಗ್ರಿ ದಾಟಿದ ಮಧ್ಯಾಹ್ನ, ನೇರಳೆ ಮುಚ್ಚಳದ ಟ್ಯೂಬು ಬೈಕಿನ ಡಬ್ಬಿಯಲ್ಲಿ. ಅಂಕಿ ಕೆಳಗೆ ಬರಬಹುದು, ಮತ್ತು ಕಡಿಮೆ ಬಂತೆಂದು ನಿಮಗೆ ಗುಳಿಗೆ ಮಾರುತ್ತಾರೆ. ಬೆಳಗ್ಗೆಯೇ ರಕ್ತ ಕೊಡಿ, ಟ್ಯೂಬು ಐಸ್ ಜೆಲ್ ಇರುವ ಡಬ್ಬಿಗೆ ಹೋಯಿತೇ ಎಂದು ಕಣ್ಣಾರೆ ನೋಡಿ, ಅದೇ ದಿನ ಊರು ಬಿಡುತ್ತದೆಯೇ ಎಂದು ಕೇಳಿ. ಶನಿವಾರ ಕೊಟ್ಟರೆ ಭಾನುವಾರ ಅಲ್ಲೇ ಕೂರುತ್ತದೆ, ಸೋಮವಾರ ಅಥವಾ ಮಂಗಳವಾರ ಕೊಡುವುದು ಮೇಲು. ಬಾಗಿಲಲ್ಲಿ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಬೋರ್ಡು ಇದ್ದ ಮಾತ್ರಕ್ಕೆ ಎಲ್ಲ ಪರೀಕ್ಷೆಗೂ ಮಾನ್ಯತೆ ಇದೆ ಎಂದಲ್ಲ; ಮಾನ್ಯತೆ ಪರೀಕ್ಷೆಯ ಲೆಕ್ಕದಲ್ಲಿ ಕೊಡುತ್ತಾರೆ, ಫ್ಯಾಟಿ ಆಸಿಡ್ ಆ ಪಟ್ಟಿಯಲ್ಲಿದೆಯೇ ಎಂದೂ ಕೇಳಿಕೊಳ್ಳಿ.

ನಮ್ಮ ಊರಿನ ಹವೆಗೆ ಕಾರ್ಡ್ ಕಿಟ್ಟೇ ಒಂದು ಕೈ ಮೇಲು, ಕಾಗದಕ್ಕೆ ಮೊದಲೇ ಆ್ಯಂಟಿ-ಆಕ್ಸಿಡೆಂಟ್ ಹಚ್ಚಿದ್ದರೆ ಮಾತ್ರ. ಹಚ್ಚಿದ್ದರೆ ಒಣಗಿದ ರಕ್ತದಲ್ಲಿ ಕೊಬ್ಬು ಬಹಳ ದಿನ ತಾಳುತ್ತದೆ. ಬರೀ ಕಾಗದವಾದರೆ ದಾರಿಯಲ್ಲೇ ಕೆಡುತ್ತದೆ. ಕಿಟ್ಟಿನ ಪೆಟ್ಟಿಗೆಯ ಮೇಲೆ ಈ ಮಾತು ಬರೆದಿಲ್ಲದಿದ್ದರೆ ಕೊಳ್ಳುವ ಮೊದಲು ಕೇಳಿ.

ಇಲ್ಲಿ ತಪ್ಪೆಲ್ಲ ಆಗುವುದು ಬೆರಳ ತುದಿಯಲ್ಲಿ. ಅಳೆಯುತ್ತಿರುವುದೇ ಎಣ್ಣೆಯನ್ನು, ಬೆರಳಲ್ಲೇ ಎಣ್ಣೆ ಇದ್ದರೆ? ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ, ರೊಟ್ಟಿ ಜೊತೆ ಶೇಂಗಾ ಹಿಂಡಿಗೆ ಎಣ್ಣೆ ಕಲಸಿದ ಕೈ, ಕ್ರೀಮ್ ಸವರಿದ ಕೈ, ಎಲ್ಲವೂ ಕಾರ್ಡಿಗೆ ಇಳಿಯುತ್ತವೆ. ಸೋಪು ಹಾಕಿ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಗೆದ ಬಟ್ಟೆಯಿಂದ ಒರೆಸಿಕೊಳ್ಳಿ. ಬಿಸಿನೀರು ರಕ್ತವನ್ನೂ ಬೆರಳಿಗೆ ಎಳೆಯುತ್ತದೆ. ಕೈ ಕೆಳಗೆ ಜೋತುಬಿಟ್ಟು ಒಂದು ನಿಮಿಷ ಅಲ್ಲಾಡಿಸಿ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಅದು ಪೂರ್ತಿ ಆರಲಿ. ಉಂಗುರದ ಬೆರಳಿನ ಬದಿಯಲ್ಲಿ ಚುಚ್ಚಿ. ನಡು ತುದಿಯಲ್ಲಿ ಬೇಡ, ಅಲ್ಲಿ ನೋವು ಹೆಚ್ಚು. ಮೊದಲ ಹನಿಯನ್ನು ಒರೆಸಿಬಿಡಿ. ಎರಡನೆಯದು ತಾನಾಗಿ ದಪ್ಪಗಾಗುವವರೆಗೆ ಕಾದು, ಬೆರಳು ಕಾಗದಕ್ಕೆ ತಾಗದಂತೆ ವೃತ್ತದ ನಡುವೆ ಬೀಳಿಸಿ. ಬೆರಳನ್ನು ಒತ್ತಿ ಒತ್ತಿ ಹಿಂಡಿದರೆ ಚರ್ಮದಡಿಯ ನೀರು ಬೆರೆತು ರಕ್ತ ತೆಳುವಾಗುತ್ತದೆ. ವೃತ್ತ ಅರ್ಧ ತುಂಬಿ ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಹನಿ ಹಾಕಿದವರ ಕಾರ್ಡನ್ನು ಲ್ಯಾಬ್ ವಾಪಸು ಮಾಡುತ್ತದೆ. ಕಾಗದದ ಹಿಂಬದಿಯಲ್ಲೂ ಕಲೆ ಮೂಡಿದ್ದರೆ ಹನಿ ಸಾಕಾಗಿದೆ ಎಂದರ್ಥ.

ಒಣಗಿಸುವುದು ನೆರಳಿನಲ್ಲಿ, ಸಮತಟ್ಟಾಗಿ, ಯಾರೂ ಮುಟ್ಟದ ಕಡೆ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಒಲೆ ಹೊತ್ತಿಸಿರುವ ಅಡುಗೆಮನೆಯೂ ಬೇಡ. ಹೊಳೆಯುವ ಕೆಂಪು ಹೋಗಿ ಒಣ ಕಂದು ಬರುವವರೆಗೆ, ಕಿಟ್ಟಿನ ಚೀಟಿ ಹೇಳಿದಷ್ಟು ಹೊತ್ತು ಬಿಡಿ. ಮಳೆಗಾಲದ ತೇವದಲ್ಲಿ ಇನ್ನಷ್ಟು ಹೊತ್ತು ಬೇಕಾಗುತ್ತದೆ. ಹಸಿ ಇರುವಾಗಲೇ ಪೊಟ್ಟಣಕ್ಕೆ ಹಾಕಿ ಮುಚ್ಚಿದರೆ ಮುಗ್ಗಲು ಹಿಡಿಯುತ್ತದೆ. ಒಣಗಿದ ಮೇಲೆ ತೇವ ಹೀರುವ ಪುಡಿ ಇರುವ ಚೀಲದಲ್ಲಿ ಮುಚ್ಚಿ, ಅದೇ ದಿನ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ. ಬಿಸಿಲಿಗೆ ಕಾದ ಕೆಂಪು ಡಬ್ಬಿಗೆ ಹಾಕುವುದು ಬೇಡ. ಕಾರ್ಡಿನಲ್ಲಿ ಅಳೆಯುವುದು ಇಡೀ ರಕ್ತವನ್ನು; ಕೆಂಪು ಕಣದ ಅಂಕಿಯನ್ನು ಲೆಕ್ಕ ಹಾಕಿ ಹೊಂದಿಸುತ್ತಾರೆ. ಒಂದೊಂದು ಲ್ಯಾಬ್‌ನ ಲೆಕ್ಕ ಒಂದೊಂದು ಥರ. ಅದಕ್ಕೇ ಎರಡನೆಯ ಸಲವೂ ಅದೇ ಲ್ಯಾಬ್‌ಗೆ ಕಳಿಸಬೇಕು, ಇಲ್ಲವಾದರೆ ಏರಿದ್ದು ನೀವೋ ಲೆಕ್ಕವೋ ತಿಳಿಯುವುದಿಲ್ಲ.

ರಿಪೋರ್ಟ್ ಬಂದಾಗ ಕಣ್ಣು ಮೊದಲು ಅನುಪಾತಕ್ಕೆ ಹೋಗುತ್ತದೆ, ಅದನ್ನು ಹಾಗೆಯೇ ಅಚ್ಚು ಹಾಕಿರುತ್ತಾರೆ. ಒಮೆಗಾ-6 ಶೇಕಡಾ 30, ಒಮೆಗಾ-3 ಶೇಕಡಾ 3 ಇದ್ದರೂ ಅನುಪಾತ 10ಕ್ಕೆ 1. ಒಮೆಗಾ-6 ಶೇಕಡಾ 40, ಒಮೆಗಾ-3 ಶೇಕಡಾ 4 ಇದ್ದರೂ 10ಕ್ಕೆ 1. ಇಬ್ಬರ ರಕ್ತವೂ ಬೇರೆ, ಅಂಕಿ ಮಾತ್ರ ಒಂದೇ. ಒಮೆಗಾ-6 ತಾನೇ ಉರಿಯೂತ ಎಂಬ ಮಾತಿಗೂ ಆಧಾರ ಗಟ್ಟಿಯಿಲ್ಲ. ಅಡುಗೆ ಎಣ್ಣೆಯ ಮುಖ್ಯ ಒಮೆಗಾ-6 ಆದ ಲಿನೋಲಿಕ್ ಆಮ್ಲವನ್ನು ಹೆಚ್ಚು ಕೊಟ್ಟ ಮಾನವ ಪ್ರಯೋಗಗಳಲ್ಲಿ ಸಿಆರ್‌ಪಿ ಏರಿದ್ದು ಕಂಡಿಲ್ಲ. ಅಮೆರಿಕದ ಹೃದ್ರೋಗ ಸಂಘ 2009ರಲ್ಲಿ ಒಮೆಗಾ-6 ಕಡಿಮೆ ಮಾಡಿ ಎಂಬ ಸಲಹೆಯನ್ನೇ ಒಪ್ಪಲಿಲ್ಲ. ಎಎ (ಅರಾಕಿಡೋನಿಕ್ ಆಮ್ಲ, ಇದೂ ಒಂದು ಒಮೆಗಾ-6) ಮತ್ತು ಇಪಿಎ ಅನುಪಾತವನ್ನು ‘ನಿಮ್ಮ ಉರಿಯೂತ’ ಎಂದು ಕರೆಯುವ ರಿಪೋರ್ಟುಗಳೂ ಇವೆ. ಅದು ಕಚ್ಚಾ ಸಾಮಗ್ರಿಯ ಪಟ್ಟಿ. ಉರಿಯೂತ ನಡೆಯುತ್ತಿದೆಯೇ ಎಂದು ಹೇಳುವುದು ಸಿಆರ್‌ಪಿ. ಎಎ-ಇಪಿಎ ಕೆಟ್ಟದಾಗಿದ್ದು ಎಚ್‌ಎಸ್-ಸಿಆರ್‌ಪಿ 0.6 ಇರುವವರು ಇರುತ್ತಾರೆ, ಅದರ ಉಲ್ಟಾ ಕೂಡ.

ಮನೆಯ ಎಣ್ಣೆ ಡಬ್ಬಿಯ ಮಾತಿಗೆ ಬಂದರೆ, ನಮ್ಮದು ಕುಸುಬಿ ಬೆಳೆಯುವ ಸೀಮೆ. ಸಾಂಪ್ರದಾಯಿಕ ಕುಸುಬಿ ಎಣ್ಣೆಯ ನೂರರಲ್ಲಿ ಸುಮಾರು 70-75 ಪಾಲು ಲಿನೋಲಿಕ್, ಅಂದರೆ ಒಮೆಗಾ-6. ಒಮೆಗಾ-3 ಇಲ್ಲವೆಂದೇ ಹೇಳಬಹುದು. ಸೂರ್ಯಕಾಂತಿಯೂ ಹೆಚ್ಚುಕಡಿಮೆ ಅದೇ ಜಾತಿ. ಶೇಂಗಾ ಎಣ್ಣೆಯಲ್ಲಿ ಲಿನೋಲಿಕ್ ಅದರ ಅರ್ಧದಷ್ಟೋ ಕಡಿಮೆಯೋ ಇದ್ದು, ಒಲಿಕ್ (ಒಮೆಗಾ-9) ಹೆಚ್ಚು. ಗುರೆಳ್ಳು ಕೂಡ ಒಮೆಗಾ-6ರ ಕಡೆಯದೇ. ಕುಸುಬಿ ಅಥವಾ ಸೂರ್ಯಕಾಂತಿ ಎಣ್ಣೆ ಬಳಸುವ, ಮೀನು ಮುಟ್ಟದ ಮನೆಯಲ್ಲಿ ಅನುಪಾತ ಒಮೆಗಾ-6ರ ಕಡೆಗೇ ವಾಲಿರುತ್ತದೆ, ಇಂಡೆಕ್ಸ್ 4ರ ಆಸುಪಾಸು ಅಥವಾ ಕೆಳಗೆ ಬರುತ್ತದೆ. ಇದನ್ನು ಹೇಳಲು ಕ್ರೊಮ್ಯಾಟೊಗ್ರಫಿ ಬೇಡ. ಇದಕ್ಕಾಗಿ ಗಾಣದ ಕುಸುಬಿ ಎಣ್ಣೆಯನ್ನು ಬಿಟ್ಟು ಪಾಮ್ ಎಣ್ಣೆಗೆ ಹೋಗುವವರಿದ್ದಾರೆ. ಅನುಪಾತದ ಅಂಕಿ ಸುಧಾರಿಸಿ, ಕೊಲೆಸ್ಟರಾಲ್ ಏರುತ್ತದೆ. ಖಂಡಿತ ಬೇಡ.

ಅಗಸಿ ಹಿಂಡಿ ತಿನ್ನುತ್ತೇವಲ್ಲ ಎಂದರೆ, ತಿನ್ನಿ, ಚೆನ್ನಾಗಿ ತಿನ್ನಿ. 10 ಗ್ರಾಂ ಅಗಸಿಯಲ್ಲಿ ಸುಮಾರು 2 ಗ್ರಾಂ ಎಎಲ್‌ಎ ಸಿಗುತ್ತದೆ, ಅದು ಸಸ್ಯದ ಒಮೆಗಾ-3. ಕುಟ್ಟಿರಬೇಕು, ಇಡೀ ಕಾಳು ಹಾಗೆಯೇ ಹೊರಗೆ ಹೋಗುತ್ತದೆ. ಕುಟ್ಟಿದ್ದನ್ನು ವಾರಕ್ಕೆ ಸಾಕಾಗುವಷ್ಟೇ ಮಾಡಿ ಬಿಗಿ ಡಬ್ಬಿಯಲ್ಲಿಡಿ, ಕಮಟು ವಾಸನೆ ಬಂದರೆ ಚೆಲ್ಲಿ. ಆದರೆ ದೇಹ ಎಎಲ್‌ಎಯಿಂದ ಮಾಡಿಕೊಳ್ಳುವ ಇಪಿಎ ಸ್ವಲ್ಪ, ಡಿಎಚ್‌ಎ ತೀರ ಅತ್ಯಲ್ಪ. ಹಾಗಾಗಿ ದಿನಾ ಅಗಸಿ ತಿಂದೂ ಇಂಡೆಕ್ಸ್ ಹೆಚ್ಚೇನೂ ಏರದಿದ್ದರೆ ಪರೀಕ್ಷೆ ತಪ್ಪಿತೆಂದು ತಿಳಿಯಬೇಡಿ. ಸಸ್ಯಾಹಾರಿಗಳು ಇಂಡೆಕ್ಸ್ ಏರಿಸಬೇಕೆಂದರೆ ಪಾಚಿಯಿಂದ ತೆಗೆದ ಡಿಎಚ್‌ಎ ಗುಳಿಗೆ ಒಂದೇ ನೇರ ದಾರಿ. ಮೀನು ತಿನ್ನುವವರಿಗೆ ಐಸ್‌ನಲ್ಲಿ ಬರುವ ಬಂಗುಡೆ, ಬೂತಾಯಿ ಸಾಕು. ಕೆರೆಯ ರೋಹು, ಕಟ್ಲಾದಲ್ಲಿ ಒಮೆಗಾ-3 ಬಹಳ ಕಡಿಮೆ.

ಗುಳಿಗೆ ಕೊಳ್ಳುವವರು ಡಬ್ಬಿಯ ಮುಂಭಾಗದ ‘1000 ಮಿಲಿಗ್ರಾಂ’ ನೋಡದೆ ಹಿಂಭಾಗ ಓದಿ. ಸಾಮಾನ್ಯ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120, ಸೇರಿ 300 ಮಾತ್ರ. 4ರಿಂದ 8ಕ್ಕೆ ಏರಲು ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ ಮೀರಿ, ತಿಂಗಳುಗಟ್ಟಲೆ ಬೇಕು. ದಿನಕ್ಕೆ ಒಂದೇ ಗುಳಿಗೆ ನುಂಗಿ ನಾಲ್ಕು ತಿಂಗಳ ನಂತರ ಅಂಕಿ ನಿಂತಲ್ಲೇ ನಿಂತಿದ್ದರೆ ಕಾರಣ ಇದೇ. ಹಾಗೆಂದು ಮನಸ್ಸಿಗೆ ಬಂದಷ್ಟು ನುಂಗಬಾರದು. ದಿನಕ್ಕೆ 4 ಗ್ರಾಂ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಹೆಚ್ಚಿದ್ದು ಕಂಡಿದೆ. ರಕ್ತ ತೆಳು ಮಾಡುವ ಔಷಧಿ ನುಂಗುವವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬಾರದು.

ಟೆಸ್ಟನ್ನೂ ಎಣ್ಣೆಯ ಬಾಟಲಿಯನ್ನೂ ಒಂದೇ ಕೈಯಿಂದ ಮಾರುವ ಪ್ಯಾಕೇಜುಗಳಿಗೆ ನಮ್ಮ ಅಂಕ ಕಡಿಮೆ, ಯಂತ್ರ ಎಷ್ಟೇ ಒಳ್ಳೆಯದಿರಲಿ. ಮಾರುವವರು ಪರಿಚಯದವರೋ ನೆಂಟರೋ ಆಗಿದ್ದು, ತಿಂಗಳು ತಿಂಗಳು ಬಾಟಲಿ ಕೊಳ್ಳುವ ಕರಾರಿನ ಜೊತೆ ಟೆಸ್ಟ್ ‘ಅಗ್ಗ’ ಎನ್ನುತ್ತಾರೆ. ಆರು ತಿಂಗಳ ಬಾಟಲಿಗಳ ಬೆಲೆ ಕೂಡಿಸಿ ನೋಡಿ, ಆಮೇಲೆ ಹೇಳಿ ಅಗ್ಗವೋ ದುಬಾರಿಯೋ. ಟೆಸ್ಟ್ ಮಾತ್ರ ಬೇಕು, ಎಣ್ಣೆ ಬೇಡ ಎಂದಾಗ ಕೊಡುವವರ ಹತ್ತಿರ ಕೊಳ್ಳಿ. ಅದೇ ಬಜೆಟ್ಟಿನಲ್ಲಿ ಪೂರ್ತಿ ಸಸ್ಯಾಹಾರಿಯೊಬ್ಬರು ವಿಟಮಿನ್ ಬಿ12 ಮತ್ತು ಎರಡು ಎಚ್‌ಎಸ್-ಸಿಆರ್‌ಪಿ ಮಾಡಿಸಿಕೊಂಡರೆ ಅವರಿಗೆ ಹೆಚ್ಚು ಉಪಯೋಗವೆಂದೇ ನಮ್ಮ ಅಭಿಪ್ರಾಯ.

ಒಮೆಗಾ ಕಿಟ್ ಮಾಡಿಸಿಯೇ ತೀರುತ್ತೇನೆ ಎನ್ನುವವರಿಗೆ ಸಮಯವನ್ನೂ ಹೇಳಿಬಿಡುತ್ತೇವೆ. ಮೊದಲ ಕಾರ್ಡ್ ನವೆಂಬರ್ ಮೊದಲ ವಾರ, ಎರಡನೆಯದು ಮಾರ್ಚ್ ಮೊದಲ ವಾರ. ನಡುವೆ ನಾಲ್ಕು ತಿಂಗಳು ಸಿಗುತ್ತದೆ, ಎರಡೂ ಕಾರ್ಡುಗಳು ಮಳೆಯ ತೇವಕ್ಕೂ ಸಿಗದೆ, ಬೇಸಿಗೆಯ ಕಾವಿಗೂ ಸಿಗದೆ ಊರು ದಾಟುತ್ತವೆ.